ಬೆಳಗಿನ ಚಳಿಗೆ ಕಾರು ಏಳದಿದ್ದರೆ: ಮಲೆನಾಡಿನವರಿಗೊಂದು ದೋಷ ನಿವಾರಣೆ ಕೈಪಿಡಿ

ಡಿಸೆಂಬರ್, ಜನವರಿಯಲ್ಲಿ ತೀರ್ಥಹಳ್ಳಿ, ಹೊಸನಗರದ ಸುತ್ತಮುತ್ತ ಬೆಳಗಿನ ಉಷ್ಣಾಂಶ 12–14 ಡಿಗ್ರಿಗೆ ಇಳಿದರೆ ನಾವು ಬಚ್ಚಲೊಲೆಯ ಮುಂದಿನಿಂದ ಏಳುವುದಿಲ್ಲ. ಕಾರಿಗೆ ಮಾತ್ರ ಅದು ದೊಡ್ಡ ಚಳಿಯಲ್ಲ. ಸುಸ್ಥಿತಿಯಲ್ಲಿರುವ ಎಂಜಿನ್ ಸೊನ್ನೆ ಡಿಗ್ರಿಯಲ್ಲೂ ತಕರಾರಿಲ್ಲದೆ ಹತ್ತಿಕೊಳ್ಳುತ್ತದೆ. ಆದ್ದರಿಂದ ‘ಚಳಿಗೆ ಗಾಡಿ ಸ್ಟಾರ್ಟ್ ಆಗುತ್ತಿಲ್ಲ’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಎರಡು ಪ್ರಶ್ನೆ: ಕಾರು ಎಷ್ಟು ದಿನದಿಂದ ನಿಂತಿತ್ತು? ಎಲ್ಲಿ ನಿಂತಿತ್ತು? ನಮ್ಮಲ್ಲಿ ಚಳಿಗಿಂತ ಹೆಚ್ಚು ಕಾರುಗಳನ್ನು ಮಲಗಿಸಿರುವುದು ತೇವ, ಇಲಿ, ಇಳಿಜಾರಿನ ಅಂಗಳ ಮತ್ತು ವಾರಕ್ಕೊಮ್ಮೆ ಪೇಟೆಗೆ ಹೋಗಿಬರುವಷ್ಟೇ ಓಡಾಟ. ಮೊದಲೇ ಸೊರಗಿದ್ದ ಭಾಗ ಯಾವುದು ಎಂಬುದನ್ನು ಚಳಿ ಬಯಲಿಗೆ ತರುತ್ತದೆ, ಅಷ್ಟೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಟಾರ್ಚು, 10 ನಂಬರಿನ ಸ್ಪ್ಯಾನರ್, ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್. ಇವುಗಳಿಗಿಂತ ಮುಖ್ಯವಾದದ್ದು ಕಿವಿ. ಕೀಲಿ ತಿರುಗಿಸಿದಾಗ ಬರುವ ಸದ್ದಿನಲ್ಲೇ ಅರ್ಧ ಉತ್ತರ ಇರುತ್ತದೆ. ರೇಡಿಯೊ, ಫ್ಯಾನ್ ಎಲ್ಲವನ್ನೂ ಆರಿಸಿ ಕೇಳಿಸಿಕೊಳ್ಳಿ. ಇನ್ನೊಂದು ನಿಯಮ: ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರನ್ನು ಓಡಿಸಬೇಡಿ), ನಡುವೆ ಒಂದು ನಿಮಿಷವಾದರೂ ಬಿಡಿ. ‘ಇನ್ನೊಂದು ಸಲ, ಇನ್ನೊಂದು ಸಲ’ ಎಂದು ಹೊಡೆಯುತ್ತಾ ಹೋದವರು ಸಣ್ಣ ದೋಷದ ಜೊತೆಗೆ ಸತ್ತ ಬ್ಯಾಟರಿಯನ್ನೂ ಸುಟ್ಟ ಸ್ಟಾರ್ಟರ್ ಮೋಟಾರನ್ನೂ ಗಂಟು ಹಾಕಿಕೊಳ್ಳುತ್ತಾರೆ.

‘ಟಕ್’ ಎಂದು ಒಂದು ಸದ್ದು, ಅಥವಾ ‘ಟಕಟಕಟಕ’, ಎಂಜಿನ್ ಅಲ್ಲಾಡುವುದಿಲ್ಲ

ಹೆಡ್‌ಲೈಟ್ ಹಾಕಿ, ಕಾರನ್ನು ಗೋಡೆಯ ಎದುರು ಇಟ್ಟುಕೊಂಡು ಕೀಲಿ ತಿರುಗಿಸಿ. ಗೋಡೆಯ ಮೇಲಿನ ಬೆಳಕು ಕೆಂಪಾಗಿ ಕುಗ್ಗಿತೆ? ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ (ಬ್ಯಾಟರಿಗೆ ತಂತಿ ಕೂರುವ ಜಾಗ) ಹಿಡಿತ ಬಿಟ್ಟಿದೆ. ಬೆಳಕು ಇದ್ದ ಹಾಗೇ ಇದ್ದು ಒಂದೇ ‘ಟಕ್’ ಬಂದರೆ ಸಂಶಯ ಸ್ಟಾರ್ಟರ್ ಮೋಟಾರಿನ ಮೇಲೆ, ಅದಕ್ಕೆ ಹೋಗುವ ದಪ್ಪ ತಂತಿಯ ಮೇಲೆ. ಬರೀ ಟಕಟಕ ಎಂದರೆ ಬಹುಪಾಲು ಬ್ಯಾಟರಿಯೇ.

ಬಾನೆಟ್ ಎತ್ತಿ ಟರ್ಮಿನಲ್‌ಗಳನ್ನು ನೋಡಿ. ಸುಣ್ಣದಂಥ ಬಿಳಿ ಪುಡಿ, ಹಸಿರು ಮಿಶ್ರಿತ ಹೂವು ಕಟ್ಟಿದ್ದರೆ ಕರೆಂಟು ಸಾಗುವ ದಾರಿಗೆ ಅದೇ ಬೇಲಿ. ನಮ್ಮ ಮಳೆಗಾಲದ ತೇವದಲ್ಲಿ ಇದು ಬೇಗ ಬೆಳೆಯುತ್ತದೆ. ಮೊದಲು ಮೈನಸ್, ನಂತರ ಪ್ಲಸ್ ಕಳಚಿ. ಅಡುಗೆ ಸೋಡಾ ಕದಡಿದ ಬಿಸಿ ನೀರನ್ನು ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಅದ್ದಿ ತಿಕ್ಕಿ, ಒರೆಸಿ, ಒಣಗಿಸಿ. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಮೇಲೆ ತೆಳುವಾಗಿ ವ್ಯಾಸಲಿನ್ ಸವರಿ. ಆ ಪುಡಿ ಆಮ್ಲದ್ದು. ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ. ಬೀಡಿ ಸೇದುತ್ತ ಬ್ಯಾಟರಿಯ ಮೇಲೆ ಬಗ್ಗುವುದಂತೂ ಬೇಡವೇ ಬೇಡ, ಅದರಿಂದ ಹೊರಬರುವ ಹೈಡ್ರೋಜನ್‌ಗೆ ಕಿಡಿ ತಾಗಿದರೆ ಬ್ಯಾಟರಿ ಸಿಡಿಯುತ್ತದೆ.

ಇನ್ನು ಮೀಟರ್. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ. 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಆದರೆ ನಿಂತಾಗಿನ ಅಂಕಿ ಮೋಸ ಮಾಡಬಲ್ಲದು. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಬೇಕು: 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಹೊರೆ ಹೊರುವ ಶಕ್ತಿ ಉಳಿದಿಲ್ಲ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರ ಆಸುಪಾಸು ಇರಬೇಕು. 12.5ರಲ್ಲೇ ನಿಂತಿದ್ದರೆ ಹೊಸ ಬ್ಯಾಟರಿ ಕೊಳ್ಳಬೇಡಿ, ಅದನ್ನು ತುಂಬಿಸಬೇಕಾದ ಆಲ್ಟರ್ನೇಟರ್ ಕಡೆ ನೋಡಿ. ಹೊಸ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಆಗಾಗ ಚಾರ್ಜಿಂಗ್ ತಗ್ಗಿಸುತ್ತದೆ, ಆದ್ದರಿಂದ ಹೆಡ್‌ಲೈಟ್ ಹಾಕಿಕೊಂಡು ಅಳೆಯಿರಿ.

ಬ್ಯಾಟರಿ ಮೂರರಿಂದ ಐದು ವರ್ಷ ಬಾಳುತ್ತದೆ. ವಾರಕ್ಕೊಮ್ಮೆ ನಾಲ್ಕು ಕಿಲೋಮೀಟರ್ ಓಡುವ ಕಾರಿನಲ್ಲಿ ಅಷ್ಟೂ ಬಾಳದು. ವಾರವಿಡೀ ನಿಂತಾಗ ಇಳಿದದ್ದು, ಸೆಲ್ಫಿಗೆ ಖರ್ಚಾದದ್ದು ಎಲ್ಲವೂ ಅಷ್ಟು ಓಟದಲ್ಲಿ ಮರಳಿ ಬರುವುದಿಲ್ಲ. ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಹೊರಗಿನ ಅಂಗಡಿಯಲ್ಲಿ ಕೂರಿಸಿದ ಸ್ಟೀರಿಯೊ ಇದ್ದರೆ ರಾತ್ರಿ ಹೊತ್ತೂ ಹನಿಹನಿಯಾಗಿ ಕುಡಿಯುತ್ತಿರುತ್ತವೆ.

ಪಕ್ಕದ ಮನೆಯ ಕಾರಿನಿಂದ ಜಂಪರ್ ಕೇಬಲ್ ಕೊಡುವುದಾದರೆ ಕ್ರಮ ತಪ್ಪಿಸಬೇಡಿ. ಕೆಂಪು ತಂತಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ತಂತಿ ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಸತ್ತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ, ಸೋರುತ್ತಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದಕ್ಕೆ ಕೇಬಲ್ ಹಚ್ಚಲೇಬೇಡಿ.

ಎಂಜಿನ್ ತಿರುಗುತ್ತದೆ, ಆದರೆ ಎಳೆದೆಳೆದು

‘ರ್‍ರ್‍... ರ್‍ರ್‍...’ ಎಂದು ಬಾವಿಯಿಂದ ತುಂಬಿದ ಕೊಡ ಸೇದುವ ಹಾಗೆ. ಇಲ್ಲೂ ಮೊದಲ ಆರೋಪಿ ಬ್ಯಾಟರಿಯೇ. ಆದರೆ ಹೊಸ ಬ್ಯಾಟರಿ ಹಾಕಿದ ಮೇಲೂ ಹೀಗೇ ಆದರೆ?

ನನ್ನ ಹಳೆಯ ಹ್ಯಾಚ್‌ಬ್ಯಾಕಿನ ಕಥೆ ಅದೇ. ಒಂದು ಚಳಿಗಾಲದಲ್ಲಿ ಒಂದು ವರ್ಕ್‌ಶಾಪ್ ಅದಕ್ಕೆ ಬ್ಯಾಟರಿ ಬದಲಿಸಿತು, ಎರಡು ತಿಂಗಳಲ್ಲಿ ಸ್ಟಾರ್ಟರ್ ಬಿಚ್ಚಿ ಬುಷ್ ಹಾಕಿತು, ಎರಡಕ್ಕೂ ನಾನು ದುಡ್ಡು ತೆತ್ತೆ. ಬೆಳಗಿನ ಎಳೆದಾಟ ಹೋಗಲಿಲ್ಲ. ಕೊನೆಗೊಂದು ಮುಂಜಾನೆ, ಇಬ್ಬನಿ ತೊಟ್ಟಿಕ್ಕುವ ಅಂಗಳದಲ್ಲಿ, ಮೀಟರಿನ ಕರಿ ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಕೆಂಪು ಕಡ್ಡಿಯನ್ನು ಎಂಜಿನ್ನಿನ ಮೈಗೂ ಒತ್ತಿ ಹಿಡಿದು, ಮಗಳಿಗೆ ಕೀಲಿ ತಿರುಗಿಸಲು ಹೇಳಿದೆ. ಸೊನ್ನೆಯ ಹತ್ತಿರ ಇರಬೇಕಾದ ಅಂಕಿ 1.4 ವೋಲ್ಟಿಗೆ ನೆಗೆಯಿತು. ಬ್ಯಾಟರಿಯ ಮೈನಸ್ಸನ್ನು ಎಂಜಿನ್ನಿಗೆ ಜೋಡಿಸುವ ಅರ್ತಿಂಗ್ ತಂತಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಬೋಲ್ಟ್ ಬಿಚ್ಚಿ ತುದಿಯ ರಬ್ಬರ್ ಹಿಂದಕ್ಕೆ ಸರಿಸಿದರೆ ಒಳಗಿನ ತಾಮ್ರದ ಎಳೆಗಳೆಲ್ಲ ಕಪ್ಪಾಗಿ, ಮುಟ್ಟಿದರೆ ಚಹಾಪುಡಿಯಂತೆ ಉದುರಿದವು. ಹೊಸ ತಂತಿಗೆ ಆದ ಖರ್ಚು ಬ್ಯಾಟರಿಯ ಬೆಲೆಯಲ್ಲಿ ಹತ್ತನೇ ಒಂದು ಪಾಲೂ ಇರಲಿಲ್ಲ.

ಸೆಲ್ಫ್ ಹೊಡೆಯುವಾಗ ಈ ಅಂಕಿ 0.2ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, 0.5 ದಾಟಿದರೆ ಅರ್ತಿಂಗ್ ಕೆಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು. ಇದೇ ಪರೀಕ್ಷೆಯನ್ನು ಬ್ಯಾಟರಿಯ ಪ್ಲಸ್ ಮತ್ತು ಸ್ಟಾರ್ಟರಿನ ದಪ್ಪ ತಂತಿಯ ನಡುವೆಯೂ ಮಾಡಬಹುದು. ಆದರೆ ಅಲ್ಲಿಗೆ ಕೈ ಹಾಕುವಾಗ ತಿರುಗುವ ಬೆಲ್ಟಿನಿಂದ ಅಂಗಿಯ ತೋಳನ್ನೂ ಶಾಲನ್ನೂ ದೂರವಿಡಿ. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಮೇಲಕ್ಕೆ, ಚಕ್ರಕ್ಕೊಂದು ಕಲ್ಲು.

ಎಂಜಿನ್ ಆಯಿಲ್ ದಪ್ಪವಾಗಿದ್ದರೂ ಎಳೆದಾಡುತ್ತದೆ. ಡಬ್ಬಿಯ ಮೇಲಿನ 5ಡಬ್ಲ್ಯು-30, 20ಡಬ್ಲ್ಯು-50 ಎಂಬುದರಲ್ಲಿ ಮೊದಲ ಅಂಕಿ ಚಳಿಯಲ್ಲಿನ ಹರಿವನ್ನು ಹೇಳುತ್ತದೆ. ಕಡಿಮೆ ಇದ್ದಷ್ಟೂ ತೆಳು. ತೆಳು ಆಯಿಲ್ ಕೇಳುವ ಕಾರಿಗೆ ಯಾರೋ ಜೀಪಿಗೆ ತಂದಿದ್ದ 20ಡಬ್ಲ್ಯು-50 ಸುರಿದಿದ್ದರೆ ಬೆಳಿಗ್ಗೆ ಅದರ ಫಲ ಕಾಣುತ್ತದೆ. ಕಾರಿನ ಕೈಪುಸ್ತಕದಲ್ಲಿ ಬರೆದದ್ದನ್ನೇ ಹಾಕಿ.

ಚೆನ್ನಾಗಿ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ (ಪೆಟ್ರೋಲ್)

ಬ್ಯಾಟರಿಯನ್ನು ಮರೆತುಬಿಡಿ. ಈಗ ಪ್ರಶ್ನೆ ಪೆಟ್ರೋಲಿನದ್ದು, ಕಿಡಿಯದ್ದು, ಗಾಳಿಯದ್ದು. ಅದಕ್ಕೂ ಮೊದಲು ಮೀಟರ್ ಫಲಕದಲ್ಲಿ ಕೀಲಿಯ ಚಿತ್ರ ಮಿಟುಕುತ್ತಿದೆಯೇ ನೋಡಿ. ಮಿಟುಕಿದರೆ ಕಾರು ನಿಮ್ಮ ಕೀಲಿಯನ್ನು ಗುರುತಿಸುತ್ತಿಲ್ಲ. ಇನ್ನೊಂದು ಕೀಲಿ ತನ್ನಿ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀಲಿಯನ್ನೇ ಬಟನ್‌ಗೆ ತಾಗಿಸಿ ಒತ್ತಿ ನೋಡಿ, ಒಳಗಿನ ಸಣ್ಣ ಸೆಲ್ ಮುಗಿದಿರಬಹುದು.

ಕೀಲಿಯನ್ನು ‘ಆನ್’ ತನಕ ಮಾತ್ರ ತಿರುಗಿಸಿ, ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡು ಜೇನಿನ ಗುಂಯ್ ಸದ್ದು ಬರುತ್ತದೆಯೇ ಕೇಳಿ. ಅದು ಪೆಟ್ರೋಲ್ ಪಂಪ್. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ (ಪಂಪಿಗೆ ಕರೆಂಟು ಬಿಡುವ ಸ್ವಿಚ್ಚು), ಪಂಪ್, ಈ ಕ್ರಮದಲ್ಲಿ ನೋಡಿ. ಸದ್ದು ಇದ್ದರೆ ಆನ್-ಆಫ್ ಅನ್ನು ಎರಡು ಮೂರು ಬಾರಿ ಮಾಡಿ, ನಂತರ ಸೆಲ್ಫ್ ಹೊಡೆಯಿರಿ. ಹೀಗೆ ಮಾಡಿದಾಗ ಮಾತ್ರ ಥಟ್ಟನೆ ಹತ್ತಿಕೊಂಡರೆ ರಾತ್ರಿ ಪೈಪಿನಲ್ಲಿ ಉಳಿಯಬೇಕಾದ ಒತ್ತಡ ಎಲ್ಲೋ ಇಳಿದುಹೋಗುತ್ತಿದೆ: ಪಂಪಿನ ವಾಲ್ವ್ ಅಥವಾ ಸೋರುವ ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಭಾಗ). ಇದು ಅಂದೇ ಓಡಬೇಕಾದ ತುರ್ತಲ್ಲ. ಆದರೆ ಪೆಟ್ರೋಲ್ ವಾಸನೆ ಹೊರಗೆ ಬರುತ್ತಿದ್ದರೆ ತುರ್ತೇ. ಆಗ ಕೀಲಿಯನ್ನು ಮುಟ್ಟದೆ ಕಾರನ್ನು ಕೊಟ್ಟಿಗೆಯಿಂದ ಹೊರಗೆ ತಳ್ಳಿ.

ಬಹಳ ಹೊತ್ತು ಸೆಲ್ಫ್ ಹೊಡೆದು ಕಿಡಿ ಕೊಡುವ ಪ್ಲಗ್ ಪೆಟ್ರೋಲಿನಲ್ಲಿ ತೊಯ್ದಿದ್ದರೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಐದಾರು ಸೆಕೆಂಡು ತಿರುಗಿಸಿ. ಇಂಜೆಕ್ಷನ್ ಇರುವ ಬಹುತೇಕ ಕಾರುಗಳಲ್ಲಿ ಆಗ ಪೆಟ್ರೋಲ್ ನಿಂತು ಬರೀ ಗಾಳಿ ಹೋಗಿ ಒಳಗೆ ಒಣಗುತ್ತದೆ. ಕಾರ್ಬುರೇಟರಿನ ಹಳೆಯ ಮಾರುತಿ 800, ಒಮ್ನಿ ಇಟ್ಟುಕೊಂಡವರಿಗೆ ಚೋಕ್ ಎಳೆಯುವುದನ್ನು ನಾನು ಹೇಳಿಕೊಡಬೇಕಿಲ್ಲ.

ಬೆಳಿಗ್ಗೆ ಮಾತ್ರ ತಕರಾರು, ಬಿಸಿಯಾದ ಮೇಲೆ ಅರೆಗಳಿಗೆಯಲ್ಲಿ ಸ್ಟಾರ್ಟ್: ಈ ಲಕ್ಷಣಕ್ಕೆ ಮೆಕ್ಯಾನಿಕ್‌ಗಳು ಹೆಚ್ಚಾಗಿ ಮರೆಯುವ ಕಾರಣ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಉಷ್ಣಾಂಶದ ಸೆನ್ಸರ್. ಎಂಜಿನ್ ತಣ್ಣಗಿದೆ ಎಂದು ಕಂಪ್ಯೂಟರಿಗೆ ಹೇಳಿ ಹೆಚ್ಚು ಪೆಟ್ರೋಲ್ ಕೊಡಿಸುವುದು ಅದರ ಕೆಲಸ. ಅದು ‘ಎಂಜಿನ್ ಬಿಸಿಯಾಗಿದೆ’ ಎಂದು ಸುಳ್ಳು ಹೇಳಿದರೆ ಸಿಗಬೇಕಾದಷ್ಟು ಪೆಟ್ರೋಲ್ ಸಿಗುವುದಿಲ್ಲ. ಪತ್ತೆ ಸುಲಭ. ಸ್ಟೀರಿಂಗ್ ಕೆಳಗೆ ದೋಷ ಪತ್ತೆಗೆಂದೇ ಇರುವ ಓಬಿಡಿ ಸಾಕೆಟ್ಟಿಗೆ ಒಂದು ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ, ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟ್ ಮತ್ತು ಒಳಬರುವ ಗಾಳಿ ಎರಡರ ಉಷ್ಣಾಂಶವನ್ನು ಮೊಬೈಲಿನಲ್ಲಿ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಹೊರಗೆ 14 ಡಿಗ್ರಿ, ಕೂಲೆಂಟ್ ಮಾತ್ರ 70 ಎಂದರೆ ಕಳ್ಳ ಸಿಕ್ಕಿದ. ಮೈನಸ್ 40 ಎಂದರೆ ತಂತಿ ಕಡಿದಿದೆ, ಇಲಿಯನ್ನು ನೆನೆಯಿರಿ.

ಕಿಡಿ ಬರುತ್ತಿದೆಯೇ ಎಂದು ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ನೋಡುವ ಹಳೆಯ ಪದ್ಧತಿ ಈಗಿನ ಕಾರುಗಳಲ್ಲಿ ಬೇಡ. ಶಾಕ್ ಹೊಡೆಯುತ್ತದೆ, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಕೆಡಬಹುದು, ಪಕ್ಕದಲ್ಲೇ ಪೆಟ್ರೋಲ್ ಆವಿ ಇರುತ್ತದೆ.

ಮಳೆ, ಕಾವಳದ ದಿನ ಮಾತ್ರ ಹೀಗಾಗುತ್ತದೆ

ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನವರಿಗೆ ಇದು ಹೊಸದಲ್ಲ. ಒಣ ಚಳಿಯಲ್ಲಿ ಸರಿಯಿದ್ದು ತೇವದಲ್ಲಿ ಕೈಕೊಟ್ಟರೆ ಕಿಡಿ ದಾರಿ ತಪ್ಪುತ್ತಿದೆ. ಪ್ಲಗ್ ತಂತಿಗಳಿರುವ ಹಳೆಯ ಕಾರಾದರೆ ಕತ್ತಲಲ್ಲಿ ಬಾನೆಟ್ ಎತ್ತಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ, ದೂರ ನಿಂತು ನೋಡಿ. ಸೀಳಿದ ತಂತಿಯ ಮೈಮೇಲೆ ನೀಲಿ ಕಿಡಿ ಹುಳುವಿನಂತೆ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಕಾಯಿಲ್ ನೇರ ಪ್ಲಗ್ಗಿನ ಮೇಲೆ ಕೂರುವ ಕಾರುಗಳಲ್ಲಿ ಪ್ಲಗ್ ಗುಂಡಿಯೊಳಗೆ ನೀರೋ ಆಯಿಲ್ಲೋ ನಿಂತಿರುತ್ತದೆ. ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಆ ದಿನ ಕಳೆಯುತ್ತದೆ. ರಬ್ಬರ್ ಬೂಟು ಬದಲಿಸುವ ತನಕ ತೊಂದರೆ ಮರಳಿ ಬರುತ್ತಲೇ ಇರುತ್ತದೆ.

ತಿಂಗಳುಗಟ್ಟಲೆ ನಿಂತ ಕಾರಿನ ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ, ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ, ಪಂಪ್ ಮೊದಲು ಎಳೆಯುವುದು ಅದನ್ನೇ. ಮಳೆಗಾಲದಲ್ಲಿ ಕಾರು ನಿಲ್ಲಿಸಿಡುವುದಾದರೆ ಟ್ಯಾಂಕ್ ತುಂಬಿರಲಿ.

ಡೀಸೆಲ್: ತಿರುಗಿ ತಿರುಗಿ ಸಾಕಾದ ಮೇಲೆ, ಬಿಳಿ ಹೊಗೆ ಬಿಟ್ಟು ಹತ್ತುತ್ತದೆ

‘ಚಳಿಗೆ ಡೀಸೆಲ್ ಗಟ್ಟಿಯಾಗಿದೆ’ ಎಂಬ ಮಾತನ್ನು ನಂಬಬೇಡಿ. ಅದು ಹಿಮಾಲಯದ ಕಡೆಯ ಸಮಸ್ಯೆ. ನಮ್ಮ ಕಡೆ ಮೊದಲು ನೋಡಬೇಕಾದದ್ದು ಹೀಟರ್ ಪ್ಲಗ್, ಅಂದರೆ ಸೆಲ್ಫ್ ಹೊಡೆಯುವ ಮುನ್ನ ಎಂಜಿನ್ನಿನ ಒಳಗನ್ನು ಕಾಯಿಸುವ ಭಾಗ.

ಕೀಲಿ ಆನ್ ಮಾಡಿದಾಗ ಸುರುಳಿಯ ಆಕಾರದ ಹಳದಿ ದೀಪ ಹತ್ತಬೇಕು, ಅದು ಆರಿದ ಮೇಲೆ ಸೆಲ್ಫ್ ಹೊಡೆಯಬೇಕು. ಎಷ್ಟೋ ಜನ ಕಾಯುವುದೇ ಇಲ್ಲ; ಅವರ ಕಾರಿಗೆ ರೋಗವೇ ಇರುವುದಿಲ್ಲ. ನಾಲ್ಕರಲ್ಲಿ ಒಂದು ಪ್ಲಗ್ ಸತ್ತಿದ್ದರೆ ಎಂಜಿನ್ ಮೂರು ಕಾಲಿನ ಮಂಚದಂತೆ ನಡುಗುತ್ತ ಹತ್ತಿ, ಕಣ್ಣುರಿಸುವ ಬಿಳಿ ಹೊಗೆ ಬಿಟ್ಟು, ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ. ಪ್ಲಗ್ಗಿನ ತಂತಿ ಕಳಚಿ ಅದರ ತುದಿಗೂ ಎಂಜಿನ್ನಿಗೂ ನಡುವೆ ಓಮ್ ಅಳೆಯಿರಿ. ಸಾಮಾನ್ಯವಾಗಿ 2 ಓಮ್‌ಗಿಂತ ಕಡಿಮೆ ಇರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಪ್ಲಗ್ ಸುಟ್ಟಿದೆ. ಪರೀಕ್ಷೆ ಮನೆಯಲ್ಲೇ ಆಗಲಿ, ಬಿಚ್ಚುವ ಕೆಲಸ ಬೇಡ. ವರ್ಷಗಟ್ಟಲೆ ಕೂತ ಹೀಟರ್ ಪ್ಲಗ್ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನೊಳಗೇ ಮುರಿದರೆ ಖರ್ಚು ಹತ್ತಾರು ಪಟ್ಟಾಗುತ್ತದೆ.

ಪ್ಲಗ್‌ಗಳೆಲ್ಲ ಸರಿಯಿದ್ದೂ ಹೀಗಾದರೆ ನಿಮ್ಮ ಅಂಗಳವನ್ನು ನೋಡಿ. ಮಲೆನಾಡಿನ ಮನೆಗಳ ಮುಂದೆ ಸಮತಟ್ಟು ಜಾಗ ಅಪರೂಪ. ಕಾರು ಸದಾ ಮೂಗು ಮೇಲೆ ಮಾಡಿಕೊಂಡೋ ಕೆಳಗೆ ಮಾಡಿಕೊಂಡೋ ನಿಂತಿರುತ್ತದೆ. ಡೀಸೆಲ್ ಪೈಪಿನ ಯಾವುದೋ ಜಾಯಿಂಟ್ ಸಡಿಲವಾಗಿದ್ದರೆ ಅಲ್ಲಿಂದ ಗಾಳಿ ನುಸುಳಿ, ಮೂಗು ಮೇಲಿದ್ದ ಕಾರಿನ ಡೀಸೆಲ್ ರಾತ್ರಿಯೆಲ್ಲ ಹಿಂದಿನ ಟ್ಯಾಂಕಿಗೆ ಜಾರಿಹೋಗುತ್ತದೆ. ಪರೀಕ್ಷೆಗೆ ಒಂದು ಪೈಸೆಯೂ ಬೇಡ: ಇವತ್ತು ರಾತ್ರಿ ಕಾರನ್ನು ತಿರುಗಿಸಿ ನಿಲ್ಲಿಸಿ. ನಾಳೆ ಥಟ್ಟನೆ ಹತ್ತಿಕೊಂಡರೆ ಏರ್ ಲಾಕ್ ಎಂದು ಬರೆದಿಟ್ಟುಕೊಳ್ಳಿ. ಫಿಲ್ಟರ್ ಮೇಲೆ ಕೈಪಂಪು ಇದ್ದರೆ ಬೆಳಿಗ್ಗೆ ಅದನ್ನು ಒತ್ತಿ ಗಟ್ಟಿಯಾಗುವ ತನಕ ಪಂಪ್ ಮಾಡಿ ನೋಡುವುದೂ ಅದೇ ಪರೀಕ್ಷೆಯ ಇನ್ನೊಂದು ರೂಪ. ಪೆಟ್ರೋಲ್ ಕಾರಿನಲ್ಲೂ ಟ್ಯಾಂಕ್ ತಳ ಮುಟ್ಟಿದ್ದಾಗ ಇಳಿಜಾರು ಇಂಥದೇ ಆಟ ಆಡಿಸುತ್ತದೆ.

ಡೀಸೆಲ್ ಫಿಲ್ಟರಿನ ತಳದ ನೀರನ್ನು ಬಸಿಯುವುದು ಮನೆಯಲ್ಲೇ ಆಗುವ ಕೆಲಸ. ಅದರಾಚೆಗಿನ ಕಬ್ಬಿಣದ ಪೈಪುಗಳ ನಟ್ಟನ್ನು ಮಾತ್ರ ಸಡಿಲಿಸಬೇಡಿ. ಈಗಿನ ಡೀಸೆಲ್ ಕಾರುಗಳ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಡೀಸೆಲಿನ ಒತ್ತಡ 1000 ಬಾರ್ ಮೀರುತ್ತದೆ. ಸೂಜಿಯಷ್ಟು ಸಣ್ಣ ಧಾರೆಯೂ ಚರ್ಮ ಸೀಳಿ ಒಳಹೋಗುತ್ತದೆ. ಹಾಗೆ ಹೊಕ್ಕರೆ ಗಾಯ ಚಿಕ್ಕದಾಗಿ ಕಂಡರೂ ಅದು ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕಾದ ವಿಷಯ.

ಹತ್ತುತ್ತದೆ, ಎರಡು ಸಲ ಕೆಮ್ಮಿ ಆರುತ್ತದೆ

ಏರ್ ಫಿಲ್ಟರಿನ ಪೆಟ್ಟಿಗೆ ತೆರೆಯಿರಿ. ಅಡಿಕೆ ಗೊನೆ ಕೊಯ್ಲಿನ ದಿನಗಳಲ್ಲಿ ಅಡಿಕೆ ಚಪ್ಪರದ ಕೆಳಗೆ ನಿಲ್ಲಿಸುತ್ತಿದ್ದ ಬಂಧುವೊಬ್ಬರ ಕಾರಿನಲ್ಲಿ ನಾನು ತೆರೆದಾಗ ಕಂಡದ್ದು: ಫಿಲ್ಟರ್ ಕಾಗದವನ್ನು ಹತ್ತಿಯಂತೆ ಎಳೆದು ಮಾಡಿದ ಗೂಡು, ಅದರ ಮಧ್ಯೆ ಅಡಿಕೆ ಸಿಪ್ಪೆಯ ನಾರು, ಅಚ್ಚುಕಟ್ಟಾಗಿ ಪೇರಿಸಿದ ಹನ್ನೊಂದು ಗೋಟಡಿಕೆ. ಕಾರು ಉಸಿರುಗಟ್ಟದೆ ಇನ್ನೇನು ಮಾಡೀತು!

ಇಲಿಯ ಹಿಕ್ಕೆ, ಉಚ್ಚೆಯ ವಾಸನೆ ಕಂಡರೆ ತಂತಿಗಳನ್ನೂ ನಿರ್ವಾತ ಪೈಪುಗಳನ್ನೂ ಒಂದೊಂದಾಗಿ ಟಾರ್ಚು ಬಿಟ್ಟು ನೋಡಬೇಕು. ಕೈ ಹಾಕುವ ಮೊದಲು ಬಾನೆಟ್ ಬಡಿದು ಸದ್ದು ಮಾಡಿ. ಇಲಿಯ ಹಿಂದೆ ಹಾವು ಬರುತ್ತದೆ, ಎಂಜಿನ್ನಿನ ಬಿಸಿಗೆ ಬೆಕ್ಕೂ ಬಂದು ಮಲಗುತ್ತದೆ. ಗೂಡು ಇಲ್ಲದಿದ್ದರೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರಬಹುದು; ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಹಿಡಿದರೆ ಎಂಜಿನ್ ನಿಲ್ಲುವುದಿಲ್ಲ ಎಂದಾದರೆ ಸಂಶಯ ಗಟ್ಟಿ. ಅದನ್ನು ತೊಳೆಸುವುದು ಅಗ್ಗದ ಕೆಲಸ.

ಇವನ್ನು ಮಾಡಬೇಡಿ

ಬಚ್ಚಲ ಹಂಡೆಯ ಕುದಿನೀರನ್ನು ಎಂಜಿನ್ ಮೇಲೆ ಸುರಿಯುವವರನ್ನು ನೋಡಿದ್ದೇನೆ. ಲೋಹ ಬಿರುಕು ಬಿಡಬಹುದು, ಸೆನ್ಸರಿಗೆ ನೀರು ಇಳಿಯಬಹುದು. ಕಾರಿನ ಕೆಳಗೆ ಕೆಂಡ ಇಡುವುದರ ಬಗ್ಗೆ ಹೇಳಲೂ ಮನಸ್ಸಿಲ್ಲ. ಹೀಟರ್ ಪ್ಲಗ್ ಇರುವ ಡೀಸೆಲ್ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆದರೆ ಒಳಗೇ ಸ್ಫೋಟವಾಗಿ ಪಿಸ್ಟನ್ ಒಡೆಯುತ್ತದೆ. ಬಾಗಿಲು ಹಾಕಿದ ಶೆಡ್ಡಿನಲ್ಲಿ ‘ಬಿಸಿಯಾಗಲಿ’ ಎಂದು ಎಂಜಿನ್ ಓಡಿಸಿಟ್ಟರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ಪ್ರಾಣ ಹೋಗುತ್ತದೆ.

ಇಳಿಜಾರಿನಲ್ಲಿ ತಳ್ಳಿ ಎರಡನೇ ಗೇರಿನಲ್ಲಿ ಹತ್ತಿಸುವುದು ನಮ್ಮೂರಿನ ಹಳೆಯ ವಿದ್ಯೆ. ಗೇರ್ ಹಾಕುವ ಕಾರಿನಲ್ಲಿ, ಬ್ಯಾಟರಿ ಇಳಿದಿದೆ ಎಂದು ಖಾತ್ರಿಯಾದಾಗ, ಸಣ್ಣ ಇಳುಕಲಿನಲ್ಲಿ ಸರಿ. ಎಂಜಿನ್ ಓಡದಾಗ ಬ್ರೇಕಿನ ಬಲವೂ ಪವರ್ ಸ್ಟೀರಿಂಗೂ ಇರುವುದಿಲ್ಲ ಎಂಬುದು ನೆನಪಿರಲಿ; ಘಾಟಿಯ ತಿರುವಿನ ಮೇಲೆ ಇದನ್ನು ಪ್ರಯೋಗಿಸುವುದು ಹುಚ್ಚುತನ. ಆಟೊಮ್ಯಾಟಿಕ್ ಕಾರು ತಳ್ಳಿದರೆ ಹತ್ತುವುದಿಲ್ಲ. ಪೆಟ್ರೋಲ್ ಕಾರನ್ನು ಮತ್ತೆ ಮತ್ತೆ ತಳ್ಳಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಸುಡುತ್ತದೆ.

ಮೆಕ್ಯಾನಿಕ್ ಬಳಿ ಹೋಗಲೇಬೇಕಾದಾಗ

ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಬರುತ್ತ, ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗಿನ ಸೀಲು) ಕೆಟ್ಟಿರಬಹುದು. ಓಡಿಸದೆ ಎತ್ತಿಕೊಂಡು ಹೋಗಿ. ಚಳಿಯ ಬೆಳಿಗ್ಗೆ ಪೆಟ್ರೋಲ್ ಕಾರಿನ ಹಿಂದೆ ಕಾಣುವ ತೆಳು ಬಿಳಿ ಆವಿ ಬೇರೆ, ಅದು ಬರೀ ನೀರು. ಎಂಜಿನ್ ಕಬ್ಬಿಣ ಬಡಿದಂತೆ ಸದ್ದು ಮಾಡಿದರೆ, ಸೆಲ್ಫ್ ಹೊಡೆದಾಗ ತಂತಿಯಿಂದ ಹೊಗೆ ಬಂದರೆ, ಆಯಿಲ್ ದೀಪ ಆರದಿದ್ದರೆ ತಕ್ಷಣ ನಿಲ್ಲಿಸಿ.

ಚಳಿಯ ದೋಷದ ತೊಡಕೆಂದರೆ ಅದು ಮೆಕ್ಯಾನಿಕ್‌ಗೆ ಕಾಣುವುದಿಲ್ಲ. ಬೆಳಿಗ್ಗೆ ಹೇಗೋ ಹತ್ತಿಸಿ, ತೀರ್ಥಹಳ್ಳಿಯಿಂದ 60 ಕಿಲೋಮೀಟರ್ ಓಡಿಸಿಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹನ್ನೊಂದು ಗಂಟೆಗೆ ತಲುಪಿದರೆ ಎಂಜಿನ್ ಕುದಿಯುತ್ತಿರುತ್ತದೆ, ಒಂದೇ ಸೆಲ್ಫಿಗೆ ಹತ್ತುತ್ತದೆ, ‘ಏನೂ ತೊಂದರೆ ಇಲ್ಲವಲ್ಲ ಸಾರ್’ ಎಂಬ ಉತ್ತರ ಬರುತ್ತದೆ. ಹಿಂದಿನ ಸಂಜೆಯೇ ಕಾರನ್ನು ಅಲ್ಲಿ ಬಿಟ್ಟು, ಬೆಳಿಗ್ಗೆ ನೀವು ಬರುವ ತನಕ ಯಾರೂ ಕೀಲಿ ಮುಟ್ಟಬಾರದೆಂದು ಹೇಳಿ ಬಸ್ಸು ಹತ್ತಿ. ಅದು ಆಗದಿದ್ದರೆ ಮನೆಯಲ್ಲಿ ಬೆಳಗಿನ ಮೊದಲ ಸೆಲ್ಫನ್ನು ಮೊಬೈಲಿನಲ್ಲಿ ಸದ್ದು ಸಮೇತ ಚಿತ್ರಿಸಿ ಒಯ್ಯಿರಿ, ಜೊತೆಗೆ ಒಂದು ಚೀಟಿ: ರಾತ್ರಿ ಕಾರು ಯಾವ ಕಡೆ ಮೂಗು ಮಾಡಿ ನಿಂತಿತ್ತು, ಮಳೆ ಇತ್ತೇ, ಬ್ಯಾಟರಿ ಎಷ್ಟು ವೋಲ್ಟ್ ತೋರಿಸಿತು, ಎಷ್ಟನೇ ಸಲಕ್ಕೆ ಹತ್ತಿತು.